ಹದಿನೇಳು ಅಳತೆಗಳು

ಕಂಡಕ್ಟರ್ ಎರಡನೆಯ ಸಲ ಕೇಳಿದಾಗಲೂ ಸುಚೇತಾ ಊರಿನ ಹೆಸರು ಹೇಳಲಿಲ್ಲ, ಆಧಾರ್ ಕಾರ್ಡನ್ನು ಮಾತ್ರ ಮುಂದಕ್ಕೆ ಚಾಚಿದಳು. ಅವನು ಕಾರ್ಡು ನೋಡಿ, ಅವಳ ಮುಖ ನೋಡಿ, "ಇದ್ರಲ್ಲಿ ನೀವ್ಯಾರು ಅಂತ ಬರ್ದದೆ ಮೇಡಂ, ಎಲ್ಲಿಗೋಯ್ತೀರಿ ಅಂತ ಬರ್ದಿಲ್ವಲ್ಲ" ಎಂದ. ಹಿಂದಿನ ಸೀಟಿನ ಇಬ್ಬರು ಹೆಂಗಸರು ನಕ್ಕರು. "ನರಸೀಪುರ" ಎಂದಳು. ಅವನು ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟು ಮುಂದೆ ಹೋದ. ಬಸ್ಸು ಇನ್ನೂ ನಂಜನಗೂಡಿನ ನಿಲ್ದಾಣ ಬಿಟ್ಟಿರಲಿಲ್ಲ, ಇಳಿಯಬಹುದಿತ್ತು. ಭಾನುವಾರ, ಎಲ್ಲಿಗೆ ಹೊರಟೆ ಎಂದು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ, ಇಳಿದರೆ ಕೇಳುವವರೂ ಇರಲಿಲ್ಲ. ಆದರೆ ಈಗ ಇಳಿದರೆ ಆ ಇಬ್ಬರು ಹೆಂಗಸರು ನೋಡುತ್ತಾರೆ, ಕಂಡಕ್ಟರ್ ಏನಾದರೂ ಅನ್ನುತ್ತಾನೆ. ಅಷ್ಟಕ್ಕೇ ಕೂತಳು. ತಾನು ಮಾಡಿದ ಎಷ್ಟೋ ಒಳ್ಳೆಯ ಕೆಲಸಗಳ ಬೇರು ಇಷ್ಟೇ ಇರಬಹುದು ಎಂದು ಆಮೇಲೆ ಹೊಳೆದು, ತೊಡೆಯ ಮೇಲಿನ ಚೀಲವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

ಚೀಲದಲ್ಲಿ ಎರಡು ವಸ್ತುಗಳಿದ್ದವು. ಒಂದು, ಅವಳ ಲೇಖನದ ಕರಡು. ಸಂಶೋಧನಾ ಪತ್ರಿಕೆಯವರು ಅಚ್ಚಿಗೆ ಮುಂಚೆ ಕಳಿಸಿದ್ದು, ಲೇಖಕರ ಹೆಸರುಗಳನ್ನು ನಾಳೆ ಸಂಜೆಯೊಳಗೆ ಖಚಿತಪಡಿಸಬೇಕು, ಆಮೇಲೆ ಬದಲಾವಣೆ ಇಲ್ಲ ಎಂದು ಬರೆದಿದ್ದರು. ಅದರ ಮೇಲೆ ಒಂದೇ ಹೆಸರಿತ್ತು, ಅವಳದು. ಇನ್ನೊಂದು, ಎರಡು ವರ್ಷಕ್ಕೂ ಮಿಕ್ಕು ಅವಳು ಪಾಠ ಹೇಳುವ ಕಾಲೇಜಿನ ಭೂವಿಜ್ಞಾನ ವಿಭಾಗದ ಕಬ್ಬಿಣದ ಬೀರುವಿನಲ್ಲಿ ಬಿದ್ದಿದ್ದ ಒಂದು ಪ್ರಾಜೆಕ್ಟ್ ರೆಕಾರ್ಡು. ಕಂದು ಕಾಗದದ ಹೊದಿಕೆ, ಗುಂಡಗಿನ ಅಕ್ಷರದಲ್ಲಿ ‘ಗಾನವಿ ಆರ್., ಬಿ.ಎಸ್ಸಿ. ಅಂತಿಮ ವರ್ಷ’. ಲೇಖನದ ಎರಡನೆಯ ಕೋಷ್ಟಕದಲ್ಲಿದ್ದ, ಹೊಳೆಯ ಮರಳಿನ ಸುಕ್ಕುಗಳ ಹದಿನೇಳು ಅಳತೆಗಳು ಆ ರೆಕಾರ್ಡಿನ ಮೂವತ್ತೊಂದನೆಯ ಪುಟದಿಂದ ಬಂದವು. ಲೇಖನದಲ್ಲಿ ಅವಳು ‘ಲೇಖಕಿ ಅಳೆದಂತೆ’ ಎಂದು ಬರೆದಿದ್ದಳು. ಬರೆದು ಮುಂದಿನ ಸಾಲಿಗೆ ಹೋಗಿದ್ದಳು. ಅಲ್ಲಿ ನಿಲ್ಲಬೇಕಿತ್ತಲ್ಲ ಎಂದು ಈಗ ಅನ್ನಿಸುತ್ತಿತ್ತು.

ನಿಜವೆಂದರೆ ಆ ರೆಕಾರ್ಡನ್ನು ಬೀರುವಿನಿಂದ ತೆಗೆದ ದಿನ ಅವಳ ಉದ್ದೇಶ ಬೇರೆಯೇ ಇತ್ತು. ಕಳೆದ ಜೂನಿನಲ್ಲಿ ಪಾಠಕ್ಕೆಂದು ಒಂದು ಪುಸ್ತಕ ಓದುತ್ತಿದ್ದಾಗ ಒಂದು ಚಿತ್ರದ ಮುಂದೆ ನಿಂತುಬಿಟ್ಟಿದ್ದಳು. ಬರೀ ಹೊಳೆಯ ಹರಿವು ಮರಳಿನ ಮೇಲೆ ಮೂಡಿಸುವ ಸುಕ್ಕು ಒಂದು ಬಗೆ, ಹರಿದುಬರುವ ಕಡೆ ನೀಳವಾದ ಇಳಿಜಾರು, ಹರಿದುಹೋಗುವ ಕಡೆ ಥಟ್ಟನೆ ಕಡಿದು. ಗಾಳಿಗೆ ಹೋಗಿ ಬಂದು ಮಾಡುವ ಅಲೆ ಮೂಡಿಸುವ ಸುಕ್ಕು ಇನ್ನೊಂದು ಬಗೆ, ಎರಡು ಕಡೆಯೂ ಸಮ, ನೆತ್ತಿ ಚೂಪು. ಇದನ್ನು ಹದಿನಾಲ್ಕು ವರ್ಷದಿಂದ ಬೋರ್ಡಿನ ಮೇಲೆ ಎರಡು ಚಿತ್ರ ಬರೆದು ಹೇಳುತ್ತ ಬಂದಿದ್ದಳು. ಆ ಪುಸ್ತಕದಲ್ಲಿ ಮೂರನೆಯ ಚಿತ್ರವಿತ್ತು. ಹರಿವೂ ಅಲೆಯೂ ಒಂದೇ ಹೊತ್ತಿಗೆ ಒಂದೇ ಮರಳಿನ ಮೇಲೆ ಕೆಲಸ ಮಾಡಿದರೆ ನೆತ್ತಿ ದುಂಡಾಗುತ್ತದೆ, ಸುಕ್ಕು ಒಂದು ಕಡೆಗೆ ಚೂರೇ ವಾಲುತ್ತದೆ, ಅದರ ಸಾಲು ಹೊಳೆಯ ಮಾತನ್ನೂ ಕೇಳದೆ ಗಾಳಿಯ ಮಾತನ್ನೂ ಕೇಳದೆ ನಡುವಿನ ಒಂದು ದಿಕ್ಕು ಹಿಡಿಯುತ್ತದೆ. ಆ ಚಿತ್ರವನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿ, ಎಲ್ಲಿ ಎಂದು ನೆನಪಾದ ಕೂಡಲೆ ಅವಳಿಗೆ ಕಿವಿಯ ತುದಿಯವರೆಗೆ ಬಿಸಿ ಏರಿತ್ತು. ಗಾನವಿಯ ರೆಕಾರ್ಡಿನಲ್ಲಿ, ಪೆನ್ಸಿಲಿನಲ್ಲಿ. ಅದರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ತನ್ನದೇ ಅಕ್ಷರ: ‘ಅಜಾಗರೂಕ ಅಳತೆ.’

ಆ ಹುಡುಗಿಯನ್ನು ಹುಡುಕಿ ಹೇಳಬೇಕು ಎಂದೇ ರೆಕಾರ್ಡನ್ನು ಮನೆಗೆ ತಂದಳು. ಎರಡು ದಿನ ಮೇಜಿನ ಮೇಲಿಟ್ಟಳು. ಮೂರನೆಯ ದಿನ ಆ ಅಂಕಿಗಳನ್ನು ಕಂಪ್ಯೂಟರಿಗೆ ಏರಿಸಿದಳು, ಸರಿಯಿದೆಯೋ ನೋಡೋಣ ಎಂದು. ಸರಿಯಿದ್ದವು. ಹದಿನೇಳೂ ಒಂದೇ ಗೆರೆಗೆ ಬಂದು ಕೂತವು. ತಾನೇ ಮತ್ತೆ ಅಳೆಯೋಣವೆಂದು ನರಸೀಪುರದ ಸಂಗಮಕ್ಕೆ ಹೋದರೆ, ಗಾನವಿ ಅಳೆದಿದ್ದ, ನೀರಿನೊಳಕ್ಕೆ ಚಾಚಿದ ಆ ಮರಳಿನ ನಾಲಿಗೆಯೇ ಇರಲಿಲ್ಲ. ನಡುವಿನ ಮಳೆಗಾಲಗಳಲ್ಲಿ ಹೊಳೆ ಅದನ್ನು ಎತ್ತಿಕೊಂಡು ಹೋಗಿತ್ತು. ಅಂದರೆ ಆ ಹದಿನೇಳು ಅಂಕಿಗಳು ಲೋಕದಲ್ಲಿ ಬೇರೆಲ್ಲೂ ಇಲ್ಲ, ಈ ಕಂದು ಹೊದಿಕೆಯೊಳಗೆ ಮಾತ್ರ. ಆ ಸಂಜೆ ಲೇಖನದ ಮೊದಲ ವಾಕ್ಯ ಬರೆದಳು.

ಬಸ್ಸಿನ ಕಿಟಕಿಯಾಚೆ ಭತ್ತ ಕೊಯ್ದ ಗದ್ದೆಗಳ ಕೂಳೆ, ಅದರಾಚೆ ಕಬ್ಬು, ನಾಲೆಯ ಏರಿಯ ಮೇಲೆ ಒಣಗಲು ಹರಡಿದ ಸೀರೆಗಳು. ಹಿಂದಿನ ಸೀಟಿನ ಹೆಂಗಸು ತನ್ನ ಸೊಸೆಯ ವಿಷಯ ಹೇಳುತ್ತಿದ್ದಳು. "ಒಳಿಕ್ಕೆ ಬರ್ಬ್ಯಾಡ ಕಣವ್ವ, ಮೂರ್ ದಿನ ಅಂದ್ರೆ ಮೂರ್ ದಿನ ಅಂದೆ. ಅದ್ಕೆ ಅವ್ಳು, ಅತ್ತೆ, ಮೊಬೈಲಲ್ಲಿ ಆಪ್ ಅದೆ, ಎಷ್ಟ್ನೇ ದಿನ ಅಂತ ಅದ್ರಲ್ಲಿ ನೋಡ್ಕಂಡು ಏಳ್ತೀನಿ ಅಂತಳಲ್ಲ!" ಇನ್ನೊಬ್ಬಳು ಬಾಯಿ ಮುಚ್ಚಿಕೊಂಡು ನಕ್ಕಳು. ಸುಚೇತಾ ನಗಲಿಲ್ಲ. ಮಾತು ಕಿವಿಗೆ ಬಿದ್ದದ್ದೇ ಅವಳು ಮತ್ತೆ ಮೂರು ವರ್ಷದ ಹಿಂದಿನ ಏಪ್ರಿಲ್ಲಿನ ಆ ಮಧ್ಯಾಹ್ನದಲ್ಲಿದ್ದಳು. ಹನ್ನೊಂದು ಜನ ವಿದ್ಯಾರ್ಥಿಗಳು, ಪ್ಯಾಂಟು ಮಡಚಿಕೊಂಡು, ಚೂಡಿದಾರ ಎತ್ತಿ ಕಟ್ಟಿಕೊಂಡು, ಕಾವೇರಿಯೂ ಕಪಿಲೆಯೂ ಸೇರುವ ಕಡೆ ಮೊಣಕಾಲುದ್ದದ ನೀರಿನಲ್ಲಿ. ಒಬ್ಬೊಬ್ಬರಿಗೆ ಹಗ್ಗ ಎಳೆದು ಒಂದೊಂದು ಸಾಲು ಗೊತ್ತುಮಾಡಿದ್ದಳು. ಕೈಗೆ ಕೊಟ್ಟ ಹಾಳೆಯಲ್ಲಿ ಎರಡು ಕಾಲಂ: ‘ಹರಿವು’, ‘ಅಲೆ’. ಪ್ರತಿ ಸುಕ್ಕಿಗೂ ಒಂದರಲ್ಲಿ ಟಿಕ್ ಹಾಕಬೇಕು. ಗಾನವಿ ಒಬ್ಬಳು ನೀರಿಗೆ ಇಳಿದಿರಲಿಲ್ಲ. ಚಪ್ಪಲಿ ಬಿಟ್ಟಿರಲಿಲ್ಲ. ಎಲ್ಲರೂ ಮಿಂದು ತಲೆಗೆ ನೀರು ಹಾಕಿಕೊಳ್ಳುವ ಆ ಜಾಗದಿಂದ ದೂರ, ದಂಡೆಯ ಮೇಲೆಯೇ ಸುತ್ತು ಹಾಕಿ, ಆ ಕಡೆಯ ಮರಳಿನ ನಾಲಿಗೆಯ ಅಂಚಿಗೆ ಹೋಗಿ ಒಂಟಿಯಾಗಿ ಕೂತು ಒದ್ದೆ ಮರಳನ್ನು ಅಳೆಯುತ್ತಿದ್ದಳು. ಅಲ್ಲಿ ಹರಿವು ಅರ್ಧ ಬಲದ್ದು, ಬಯಲ ಗಾಳಿ ಅಡ್ಡ ಬೀಸುತ್ತಿತ್ತು. ಎರಡು ಗಂಟೆಗೆ ಬಂದು ಹಾಳೆ ಕೊಟ್ಟಾಗ ಎರಡು ಕಾಲಂನಲ್ಲೂ ಟಿಕ್ ಇತ್ತು, ಹದಿನೇಳು ಸುಕ್ಕಿಗೂ.

"ನಿನ್ನ ಸಾಲು ಎಲ್ಲಿ ಹಾಕಿದ್ದೆ? ನೀನು ಹೋದದ್ದೆಲ್ಲಿಗೆ?" ಎಂದು ಸುಚೇತಾ ಕೇಳಿದ್ದಳು. ಗಾನವಿ ತಲೆ ತಗ್ಗಿಸಿದಳು. ಹುಡುಗರು ತಿರುಗಿ ನೋಡಿದರು. ಪಕ್ಕದಲ್ಲಿ ಕೃಷ್ಣಪ್ರಸಾದ್ ಇದ್ದರು, ವಿಭಾಗದ ಮುಖ್ಯಸ್ಥರು, ಹೆಂಗಸರನ್ನು ಫೀಲ್ಡಿಗೆ ಕಳಿಸಿದರೆ ನೂರು ತಾಪತ್ರಯ ಎಂದು ಸ್ಟಾಫ್ ರೂಮಿನಲ್ಲಿ ನಗುನಗುತ್ತಲೇ ಹೇಳುವವರು. "ನೀರಂದ್ರೆ ಭಯಾನಾ? ಕಾಲು ಒದ್ದೆ ಆಗತ್ತಾ? ಎರಡೂ ಕಡೆ ಟಿಕ್ ಹಾಕಿದ್ರೆ ಒಂದಾದ್ರೂ ಸರಿ ಇರತ್ತೆ ಅಂತ ಲೆಕ್ಕಾನಾ?" ಎಂದಳು ಸುಚೇತಾ. ಹುಡುಗರು ನಕ್ಕರು. ಕೃಷ್ಣಪ್ರಸಾದ್ ಕೂಡ ನಕ್ಕರು, ಮೆಚ್ಚುಗೆಯ ನಗು. ಗಾನವಿ ಒಂದು ಸಲ ಮಾತ್ರ ಕಣ್ಣೆತ್ತಿ ಸುಚೇತಾಳನ್ನು ನೋಡಿದಳು, ಹೆಂಗಸು ಹೆಂಗಸನ್ನು ನೋಡುವ ಹಾಗೆ, ನಿಮಗೆ ಹೇಳಬೇಕಾಗಿಲ್ಲ ಅಲ್ಲವಾ ಎನ್ನುವ ಹಾಗೆ.

ಹೇಳಬೇಕಾಗಿರಲಿಲ್ಲ. ಬೆಳಿಗ್ಗೆ ವ್ಯಾನು ಹತ್ತುವಾಗಲೇ ಸುಚೇತಾಳಿಗೆ ಗೊತ್ತಾಗಿತ್ತು. ಯಾರು ಹೇಗೆ ಕೂತರು, ಯಾರು ಗುಡಿಯ ಹೊಸ್ತಿಲು ದಾಟದೆ ಹೊರಗೇ ಉಳಿದರು, ಯಾರು ಪ್ರಸಾದಕ್ಕೆ ಕೈ ಚಾಚಲಿಲ್ಲ, ಇವನ್ನೆಲ್ಲ ನೋಡದೆ ಇರುವುದು ಅವಳಿಗೆ ಸಾಧ್ಯವೇ ಇರಲಿಲ್ಲ. ನೋಡುವುದು ಅವಳ ರೋಗ. ನಂಜನಗೂಡಿನ ಅಗ್ರಹಾರದ ಮನೆಯಲ್ಲಿ ಅವಳೂ ಹಿತ್ತಿಲ ಮೆಟ್ಟಿಲ ಮೇಲೆ ಕೂತವಳು. ಹದಿಮೂರನೆಯ ವಯಸ್ಸಿನಲ್ಲಿ, ಅಣ್ಣನ ಗೆಳೆಯರು ಬಾವಿಗೆ ಬಂದಾಗ ಚಾಪೆಯ ಮೇಲೆ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದು, ಎಲ್ಲರಿಗೂ ಗೊತ್ತು ಎಂಬುದು ತನಗೆ ಗೊತ್ತಿಲ್ಲದವಳ ಹಾಗೆ ಓದಿದವಳು. ಇದೆಲ್ಲ ಮೀರಿ ಬಂದೆ ಎಂದುಕೊಂಡಿದ್ದಳು. ಗಾನವಿ ಹಾಗೆ ನೋಡಿದಾಗ, ಹನ್ನೊಂದು ಜನರ ಮುಂದೆ, ಆ ಮೆಟ್ಟಿಲಿಗೆ ತನ್ನನ್ನು ಯಾರೋ ವಾಪಸು ಕರೆದ ಹಾಗಾಯಿತು. ಬರಲೊಲ್ಲೆ ಎನ್ನುವುದಕ್ಕೆ ಅವಳಿಗೆ ಸಿಕ್ಕ ಮಾತು, ಕಾಲು ಒದ್ದೆ ಆಗತ್ತಾ. ರೆಕಾರ್ಡು ಕೈಗೆ ಬಂದಾಗ ಪ್ರಾಜೆಕ್ಟಿಗೆ ನೂರಕ್ಕೆ ನಲವತ್ತೆಂಟು ಹಾಕಿದಳು. ಎಂ.ಎಸ್ಸಿ. ಸೀಟಿನ ಪಟ್ಟಿಯಲ್ಲಿ ಗಾನವಿಯ ಹೆಸರು ಕೊನೆಯ ಸೀಟಿಗಿಂತ ಎರಡು ಹೆಸರು ಕೆಳಗೆ ನಿಂತಿತು. ಈಗ ಅವಳು ತಾಂಡ್ಯದ ಒಂದು ಕಾರ್ಖಾನೆಯ ಲ್ಯಾಬಿನಲ್ಲಿದ್ದಾಳೆ ಎಂದು ಯಾರೋ ಹೇಳಿದ್ದರು.

ನರಸೀಪುರದಲ್ಲಿ ಇಳಿದ ಮೇಲೆ ಗಾನವಿಯ ಮನೆ ಹುಡುಕುವುದು ಕಷ್ಟವಾಗಲಿಲ್ಲ, ಹೊಳೆಯ ಕಡೆಗೆ ಇಳಿಯುವ ಬೀದಿಯ ಕೊನೆಗೆ. ಬಾಗಿಲಲ್ಲಿ ಹುರುಳಿಕಾಳು ಕೇರುತ್ತಿದ್ದ ಹೆಂಗಸು ಮೊರ ಕೆಳಗಿಟ್ಟು ಎದ್ದಳು. ಸುಚೇತಾ ತನ್ನ ಹೆಸರು ಹೇಳುವ ಮೊದಲೇ, "ಅಯ್ಯೋ, ಮೇಡಮ್ಮ ಅಲ್ವಾ? ನಿಮ್ ಪೋಟ ಅದೆ ನಮ್ಮನೇಲಿ. ಬನ್ನಿ, ಒಳಿಕ್ಕೆ ಬನ್ನಿ. ಲೇ ಗಾನವಿ, ಯಾರ್ ಬಂದವ್ರೆ ನೋಡು ಬಾರವ್ವ" ಎಂದು ಕೂಗಿದಳು. ಗೋಡೆಯ ಮೇಲೆ ಆ ಏಪ್ರಿಲ್ಲಿನ ಫೋಟೋಕ್ಕೆ ಚೌಕಟ್ಟು ಹಾಕಿಸಿದ್ದರು. ನಡುವೆ ಕೂಲಿಂಗ್ ಗ್ಲಾಸಿನ ಸುಚೇತಾ. ಅಂಚಿನಲ್ಲಿ, ಇನ್ನೊಂದು ಹೆಜ್ಜೆ ಸರಿದಿದ್ದರೆ ಚೌಕಟ್ಟಿನಾಚೆಗೆ ಹೋಗುತ್ತಿದ್ದ ಗಾನವಿ.

ತಾಯಿಯ ಹೆಸರು ಚಿಕ್ಕತಾಯಮ್ಮ. ಸ್ಟೀಲ್ ಲೋಟದಲ್ಲಿ ನೀರು ಕೊಟ್ಟು, ಕೊಡುವಾಗ ಒಂದು ಕ್ಷಣ ಹಿಂಜರಿದಳು. ಇವರು ನಮ್ಮನೇಲಿ ಕುಡಿದಾರೋ ಇಲ್ಲವೋ ಎಂಬ ಆ ಹಿಂಜರಿಕೆಯನ್ನು ಸುಚೇತಾ ಕಂಡಳು. ಕಂಡದ್ದರಿಂದ ಲೋಟವನ್ನು ಬೇಕಾದ್ದಕ್ಕಿಂತ ಬೇಗ ಕಸಿದುಕೊಂಡ ಹಾಗೆ ತೆಗೆದುಕೊಂಡು ಒಂದೇ ಉಸಿರಿಗೆ ಕುಡಿದಳು. ನೀರು ಕುತ್ತಿಗೆಗೆ ಇಳಿಯಿತು. "ನಿದಾನಕ್ಕೆ ಕುಡೀರಿ ಮೇಡಮ್ಮ, ಬಿಸ್ಲಲ್ಲಿ ಬಂದಿದ್ದೀರಿ" ಎಂದಳು ಚಿಕ್ಕತಾಯಮ್ಮ. "ನಿಮ್ಮೂರಿಗೆ ತಿಂಗ್ಳಿಗೊಂದ್ಸಲ ಬತ್ತೀನಿ ಕನ್ರವ್ವ. ನಂಜುಂಡಪ್ಪನಿಗೆ ತಪ್ಪುಕಾಣಿಕೆ ಆಕಕ್ಕೆ." ಯಾವ ತಪ್ಪಿಗೆ ಎಂದು ಕೇಳುವುದು ಸಭ್ಯತೆಯಲ್ಲ ಎಂದು ಸುಚೇತಾ ಕೇಳಲಿಲ್ಲ. ಒಳಗಿನಿಂದ ಗಾನವಿ ಬಂದಳು. ಮೊದಲಿಗಿಂತ ತೆಳ್ಳಗಾಗಿದ್ದಳು. ಮುಖದಲ್ಲಿ ಸಂತೋಷವೂ ಇರಲಿಲ್ಲ, ಕೋಪವೂ ಇರಲಿಲ್ಲ. "ಬನ್ನಿ ಮೇಡಂ" ಎಂದಳಷ್ಟೆ. "ಸ್ವಲ್ಪ ಹೊಳೆ ಕಡೆ ಹೋಗಿ ಬರೋಣವಾ?" ಎಂದಳು ಸುಚೇತಾ. "ಊಟ ಮಾಡ್ದೆ ಕಳ್ಸಕ್ಕಿಲ್ಲ ಮತ್ತೆ, ಬೇಗ್ ಬನ್ನಿ" ಎಂದು ಚಿಕ್ಕತಾಯಮ್ಮ ಹಿಂದಿನಿಂದ ಕೂಗಿದಳು.

ಹೊಳೆಯಲ್ಲಿ ನೀರು ಕಡಿಮೆ ಇತ್ತು. ಸ್ನಾನದ ಮೆಟ್ಟಿಲ ಹತ್ತಿರ ಒಂದಿಷ್ಟು ಜನ, ಗುಡಿಯ ಗಂಟೆ, ತೆಪ್ಪದವನೊಬ್ಬ ಗಿರಾಕಿಗಳಿಲ್ಲದೆ ಬೀಡಿ ಸೇದುತ್ತಿದ್ದ. ಗಾನವಿ ದಂಡೆಯುದ್ದಕ್ಕೂ ನಡೆದು ಒಂದು ಕಡೆ ತಾನಾಗಿ ಕುಕ್ಕರಗಾಲಲ್ಲಿ ಕೂತಳು. ನೀರು ಇಳಿದುಹೋದ ಮರಳಿನ ಮೇಲೆ ಸುಕ್ಕುಗಳಿದ್ದವು. ಅವಳು ಬೆರಳಿನಿಂದ ಮುಟ್ಟಲಿಲ್ಲ, ಸುಮ್ಮನೆ ನೋಡಿದಳು. "ಇದು ಬರೀ ಹರಿವಿಂದು ಮೇಡಂ. ಆ ಕಡೆ ಚೂಪಾಗಿ ಕಡ್ದದೆ ನೋಡಿ" ಎಂದಳು. ಸುಚೇತಾ ತಯಾರು ಮಾಡಿಕೊಂಡು ಬಂದಿದ್ದ ವಾಕ್ಯ ಬಾಯಿಗೆ ಬಂತು. ‘ನಿನ್ನ ಅಳತೆಗಳ ವಿಷಯದಲ್ಲಿ ಸ್ವಲ್ಪ ತಪ್ಪು ತಿಳುವಳಿಕೆ ಆಗಿದೆ.’ ಬಸ್ಸಿನಲ್ಲಿ ಒಳ್ಳೆಯ ವಾಕ್ಯ ಅನ್ನಿಸಿತ್ತು. ಈಗ ನಾಲಿಗೆಯ ಮೇಲೆ ಇಟ್ಟುಕೊಂಡು ನೋಡಿದರೆ ಅದರಲ್ಲಿ ಯಾರೂ ಏನನ್ನೂ ಮಾಡಿರಲಿಲ್ಲ, ಮಳೆ ಆದ ಹಾಗೆ ತಪ್ಪು ತಿಳುವಳಿಕೆ ಆಗಿತ್ತು. ಅದನ್ನು ನುಂಗಿ, ಪಕ್ಕದಲ್ಲಿ ಕೂತು, ಚೀಲದಿಂದ ರೆಕಾರ್ಡನ್ನೂ ಕರಡನ್ನೂ ತೆಗೆದು ಮಂಡಿಯ ಮೇಲಿಟ್ಟುಕೊಂಡು, "ನೀನು ಅಳೆದದ್ದು ಸರಿ ಇತ್ತು ಗಾನವಿ. ಎರಡು ಕಡೆ ಟಿಕ್ ಹಾಕಿದ್ದೂ ಸರಿ. ನನಗೇ ಗೊತ್ತಿರಲಿಲ್ಲ. ಆಮೇಲೆ ಗೊತ್ತಾದಾಗ ನಿನಗೆ ಹೇಳಲಿಲ್ಲ. ನಂದು ಅಂತ ಬರೆದುಕೊಂಡೆ" ಎಂದಳು.

ಗಾನವಿ ಕರಡನ್ನು ಇಸಕೊಂಡಳು. ಎರಡನೆಯ ಕೋಷ್ಟಕ ಸಿಗುವವರೆಗೆ ಹಾಳೆ ತಿರುವಿದಳು. ಅವಳ ಬೆರಳಿನ ತುದಿಗಳು ಯಾವುದೋ ರಾಸಾಯನಿಕಕ್ಕೆ ಹಳದಿಗಟ್ಟಿದ್ದವು. "ಎಂಟನೇದು ತಪ್ಪಾಗದೆ ಮೇಡಂ. ನಾನು ಹತ್ತು ಪಾಯಿಂಟ್ ನಾಲ್ಕು ಅಂತ ಬರ್ದಿದ್ದೆ. ನೀವು ಹನ್ನೊಂದು ಮಾಡಿದ್ದೀರಿ." ಸುಚೇತಾ ಬಗ್ಗಿ ನೋಡಿದಳು. ಹೌದು. ಕದ್ದದ್ದನ್ನು ಸರಿಯಾಗಿ ನಕಲು ಮಾಡುವುದಕ್ಕೂ ಆಗಿರಲಿಲ್ಲ. "ನಮ್ ಲ್ಯಾಬಲ್ಲೂ ಎರಡೇ ಕಾಲಂ" ಎಂದಳು ಗಾನವಿ, ಹಾಳೆಯಿಂದ ಕಣ್ಣೆತ್ತದೆ. "ಪಾಸು, ಫೇಲು. ನಡುವೆ ಏನಾದ್ರೂ ಬಂದ್ರೆ ಇನ್ನೊಂದ್ಸಲ ಟೆಸ್ಟ್ ಮಾಡು ಅಂತಾರೆ. ಬಯ್ಯಲ್ಲ." ಆಮೇಲೆ ಕರಡನ್ನು ವಾಪಸು ಚಾಚಿ, "ಹೆಸರು ಹಾಕಿ ಮೇಡಂ. ಬೇಡ ಅನ್ನಲ್ಲ. ನಾನು ಬಿಸ್ಲಲ್ಲಿ ಕೂತು ಅಳ್ದಿದ್ದು. ಮೊದ್ಲು ನಂದು ಬರ್ಲಿ, ಆಮೇಲೆ ನಿಮ್ದು" ಎಂದಳು. ಸುಚೇತಾ ‘ಆಯ್ತು’ ಎನ್ನುವುದಕ್ಕೆ ಮುಂಚೆ ಒಂದು ಕೂದಲೆಳೆಯಷ್ಟು ತಡವಾಯಿತು. ಆ ಎಳೆಯೊಳಗೆ ಬಡ್ತಿಯ ಅರ್ಜಿ, ಅದರಲ್ಲಿ ಮೊದಲ ಲೇಖಕರಿಗೆ ಕೊಡುವ ಅಂಕ, ಎಲ್ಲ ಬಂದು ಹೋದವು. ಗಾನವಿ ಅದನ್ನು ನೋಡಿದಳು. ಅವಳಿಗೂ ನೋಡುವ ರೋಗವಿರಬೇಕು. "ಆಯ್ತು" ಎಂದು ಸುಚೇತಾ ಪೆನ್ನು ತೆಗೆದು, ಮಂಡಿಯ ಮೇಲೆಯೇ ತನ್ನ ಹೆಸರಿಗಿಂತ ಮೊದಲು ಅವಳ ಹೆಸರು ಬರೆದಳು, ಎಂಟನೆಯ ಅಂಕಿಯನ್ನೂ ತಿದ್ದಿದಳು.

ಇಷ್ಟಕ್ಕೆ ಮುಗಿಯಬಹುದಿತ್ತು. ಎದೆ ಹಗುರಾಗಲು ಶುರುವಾಗಿತ್ತು ಕೂಡ, ಆ ಹಗುರವನ್ನು ಕಂಡು ಅವಳಿಗೆ ನಾಚಿಕೆಯಾಗುತ್ತಿತ್ತು. ಆಗ ಗಾನವಿ, "ಒಂದು ಕೇಳ್ಲಾ ಮೇಡಂ? ಅವತ್ತು ನಾನು ಯಾಕೆ ನೀರಿಗೆ ಇಳೀಲಿಲ್ಲ ಅಂತ ನಿಮ್ಗೆ ಗೊತ್ತಾಗಿರ್ಲಿಲ್ಲ ಅಲ್ವಾ?" ಎಂದಳು. ಕೇಳಿದ ರೀತಿಯಲ್ಲೇ ಉತ್ತರವಿತ್ತು. ಇಲ್ಲ ಎನ್ನುವುದು ಎಷ್ಟು ಸುಲಭವೋ ಅಷ್ಟೇ ಮರ್ಯಾದೆಯ ಮಾತೂ ಆಗಿತ್ತು, ಇಬ್ಬರಿಗೂ. ಆ ಹುಡುಗಿ ಮೂರು ವರ್ಷ ಆ ‘ಇಲ್ಲ’ವನ್ನು ನಂಬಿಕೊಂಡು ತನ್ನ ಮೇಡಮ್ಮನನ್ನು ಗೋಡೆಯ ಮೇಲೆ ಉಳಿಸಿಕೊಂಡಿದ್ದಾಳೆ. ಸುಚೇತಾ ಮರಳನ್ನು ನೋಡಿದಳು. "ಗೊತ್ತಿತ್ತು" ಎಂದಳು. "ಬೆಳಿಗ್ಗೆಯಿಂದಲೇ ಗೊತ್ತಿತ್ತು."

ಗಾನವಿ ಎದ್ದು ನಿಂತಳು. ಹೊಳೆಯ ಕಡೆಗೆ ಮುಖ ತಿರುಗಿಸಿದಳು. ತೆಪ್ಪದವನು "ಆಚೆ ದಡಕ್ಕಾ ತಾಯಿ?" ಎಂದು ಕೂಗಿದ, ಇವರು ಬರುವವರಲ್ಲ ಎಂದು ಕಂಡು ಇನ್ನೊಂದು ಬೀಡಿ ಹಚ್ಚಿದ. "ಅವ್ವ ಯಾಕೆ ತಪ್ಪುಕಾಣಿಕೆ ಹಾಕ್ತಾಳೆ ಗೊತ್ತಾ?" ಎಂದಳು ಗಾನವಿ. ಮೇಡಂ ಎಂಬುದು ಬಿಟ್ಟುಹೋಗಿತ್ತು. "ಸಂಗಮದ ನೀರು ಮುಟ್ಬೇಡ ಅಂತ ಅವತ್ತು ಬೆಳಿಗ್ಗೆ ಹೇಳ್ದೋಳು ಅವ್ಳು. ನಾನೂ ಆಯ್ತು ಅಂದೆ. ಅವ್ಳದ್ದು ಒಂದೇ ಮಾತು, ನಾನು ಹಂಗಂದಿದ್ದಕ್ಕೇ ಮಗೀಗೆ ಮಾರ್ಕ್ಸ್ ಹೋಯ್ತು, ಸೀಟ್ ಹೋಯ್ತು, ಮೇಡಮ್ಮಂದೇನು ತಪ್ಪು, ಅವ್ರಿಗೇನು ಗೊತ್ತು ಪಾಪ, ಅಂತ ಮೂರು ವರ್ಷದಿಂದ. ನಾನು ಎಷ್ಟು ಹೇಳಿದ್ರೂ ಕೇಳಲ್ಲ." ತಿರುಗಿ ಸುಚೇತಾಳನ್ನು ನೋಡಿದಳು. "ಪೇಪರಲ್ಲಿ ಹೆಸರು ಬಂದ್ರೆ ಅವ್ಳಿಗೆ ಅರ್ಥ ಆಗಲ್ಲ. ಅವ್ಳಿಗೆ ನೀವೇ ಹೇಳ್ಬೇಕು."

ಇಬ್ಬರೂ ವಾಪಸು ಹೊರಟರು. ಏರು ಬೀದಿ. ಬಸ್ಸುಗಳ ವೇಳೆ ಸುಚೇತಾಳಿಗೆ ನೆನಪಿಗೆ ಬರುತ್ತಿತ್ತು, ಮೂರೂ ಕಾಲಿಗೆ ಒಂದು, ನಾಲ್ಕೂವರೆಗೆ ಒಂದು. ತಲೆನೋವು ಎಂದು ಹೇಳಿ ಬೀದಿಯ ತಿರುವಿನಲ್ಲೇ ನಿಲ್ದಾಣದ ಕಡೆಗೆ ಹೊರಳಬಹುದು, ಗಾನವಿ ತಡೆಯುವವಳಲ್ಲ. ತಡೆಯುವುದಿಲ್ಲ ಎಂಬುದೇ ಕಾಲನ್ನು ಮುಂದಕ್ಕೆ ನೂಕಿತು. ಮನೆಯೊಳಗೆ ಚಾಪೆ ಹಾಸಿ, ತಟ್ಟೆಯಲ್ಲಿ ಮುದ್ದೆ, ಹುರುಳಿ ಬಸ್ಸಾರು. "ಮೇಡಮ್ಮಂಗೆ ಮುದ್ದೆ ಸೇರ್ತದೋ ಇಲ್ವೋ, ಅನ್ನಾನೂ ಮಾಡಿವ್ನಿ" ಎಂದಳು ಚಿಕ್ಕತಾಯಮ್ಮ. ಸುಚೇತಾ ತಟ್ಟೆಗೆ ಕೈ ಹಾಕಲಿಲ್ಲ. "ಅಮ್ಮಾ, ಇಲ್ಲಿ ಸ್ವಲ್ಪ ಕೂತ್ಕೊಳ್ಳಿ" ಎಂದು, ಅವಳು ಎದುರು ಕೂತ ಮೇಲೆ, ಅವತ್ತು ತಪ್ಪು ನಿಮ್ಮದಲ್ಲ, ನನ್ನದು, ನಿಮ್ಮ ಮಗಳು ಸರಿಯಾಗಿಯೇ ಮಾಡಿದ್ದಳು ಎಂದಳು.

ಚಿಕ್ಕತಾಯಮ್ಮನ ಮುಖ ಅರಳಿತು. ಎರಡೂ ಕೈಯಿಂದ ಸುಚೇತಾಳ ಕೈ ಹಿಡಿದುಕೊಂಡಳು. "ಬುಡಿ ಮೇಡಮ್ಮ, ಬುಡಿ. ದೊಡ್ಡೋರು ಅಂದ್ರೆ ಇಂಗಿರ್ಬೇಕು. ನಂಗೆ ಸಮಾಧಾನ ಏಳಕ್ಕೆ ನಂಜನಗೂಡಿಂದ ಬಂದವ್ರೆ, ನನ್ ತಪ್ನೂ ತಮ್ ತಲೆ ಮ್ಯಾಲೆ ಆಕ್ಕತಾವ್ರೆ. ಕೇಳ್ದಾ ಗಾನವಿ?" ಕಣ್ಣಲ್ಲಿ ನೀರು ತುಂಬಿತ್ತು. ಗಾನವಿ ಬಾಗಿಲ ದಾರಂದಕ್ಕೆ ಒರಗಿ ನಿಂತಿದ್ದಳು. ಇನ್ನು ಅನ್ನ ಕಲಸಿ ತುತ್ತು ಬಾಯಿಗಿಟ್ಟರೆ ಸಾಕು, ಹೇಳಿದ್ದೂ ಆಯಿತು, ಮೊದಲಿಗಿಂತ ದೊಡ್ಡವಳೂ ಆದ ಹಾಗಾಯಿತು. ಸುಚೇತಾಳಿಗೆ ತನ್ನ ಮೇಲೆ ಭಯವಾಯಿತು.

"ಇಲ್ಲ ಅಮ್ಮ, ಸರಿಯಾಗಿ ಕೇಳಿ" ಎಂದು ಮತ್ತೆ ಮೊದಲಿಂದ ಶುರುಮಾಡಿದಳು. "ನಿಮ್ಮ ಮಗಳು ಮುಟ್ಟಾಗಿದ್ದಾಳೆ ಅಂತ ನನಗೆ ಗೊತ್ತಿತ್ತು. ಅದಕ್ಕೇ ನೀರಿಗೆ ಇಳಿದಿಲ್ಲ ಅಂತಲೂ ಗೊತ್ತಿತ್ತು. ಗೊತ್ತಿದ್ದೂ ಗಂಡುಹುಡುಗರ ಮುಂದೆ ಆಡಿಕೊಂಡೆ. ಗೊತ್ತಿದ್ದೂ ಮಾರ್ಕ್ಸ್ ಕಳೆದೆ. ಆಮೇಲೆ ಅವಳು ಬರೆದದ್ದನ್ನ ನನ್ನ ಹೆಸರಲ್ಲಿ ಬರೆದುಕೊಂಡೆ."

ಚಿಕ್ಕತಾಯಮ್ಮ ಮಗಳ ಮುಖ ನೋಡಿದಳು. ಗಾನವಿ ಆ ನೋಟವನ್ನು ತಪ್ಪಿಸಲಿಲ್ಲ. ಹಿಡಿದಿದ್ದ ಕೈಗಳು ಒಮ್ಮೆಗೇ ಬಿಡಲಿಲ್ಲ. ಮೊದಲು ಬಿಗಿ ಹೋಯಿತು, ಆಮೇಲೆ ಒಂದು ಕೈ, ಆಮೇಲೆ ಇನ್ನೊಂದು. ಆ ಕೈಗಳನ್ನು ಏನು ಮಾಡಬೇಕೆಂದು ತಿಳಿಯದವಳ ಹಾಗೆ ಮಡಿಲಲ್ಲಿಟ್ಟುಕೊಂಡು, ಬೈಗುಳವೂ ಅಲ್ಲದ ಅಳುವೂ ಅಲ್ಲದ ಧ್ವನಿಯಲ್ಲಿ ಕೇಳಿದಳು:

"ನೀವೂ ಎಂಗ್ಸೇ ಅಲ್ವಾ?"

"ಹೌದು" ಎಂದಳು ಸುಚೇತಾ.